ಉತ್ತರಾಣಿಯೂ ನನ್ನ ದವಡೆ ಹಲ್ಲೂ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಈ ಜನ್ಮದಲ್ಲಿ ಕೂರುವುದಿಲ್ಲ ಎಂದು ನಾನು ಪಣ ತೊಟ್ಟ ದಿನ ನನ್ನ ಬಲಗೆನ್ನೆ ಬನ್ನಿನಂತೆ ಊದಿತ್ತು. ಪಣ ತೊಡುವ ವೀರರು ಸಾಮಾನ್ಯವಾಗಿ ಎದೆ ಉಬ್ಬಿಸುತ್ತಾರೆ. ನಾನು ಕೆನ್ನೆ ಉಬ್ಬಿಸಿದೆ, ಅಷ್ಟೇ ವ್ಯತ್ಯಾಸ!

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಸಣ್ಣ ಅಂಗಡಿ. ಮುಂದೆ ಗಿರಾಕಿಗಳ ಕಟ್ಟೆ, ನಡುವೆ ಇಸ್ತ್ರಿ ಮೇಜು, ಒಳಗೆ ಸಿದ್ಧವಾದ ಬಟ್ಟೆ ತೂಗುಹಾಕುವ, ಕಿಟಕಿಯೇ ಇಲ್ಲದ ಒಂದು ಕೋಣೆ. ಒಗೆಯುವುದು ನಾನು, ಇಸ್ತ್ರಿ ನನ್ನ ಹೆಂಡತಿಯದು. ಅಂಗಿಯ ಸುಕ್ಕಿರಲಿ, ಗಂಡನ ವಾದವಿರಲಿ, ಒಂದೇ ಒತ್ತಿಗೆ ಚಪ್ಪಟೆ ಮಾಡುವ ಕಲೆ ಅವಳಿಗೆ ಸಿದ್ಧಿಸಿದೆ.

ಎದುರು ಸಾಲಿನಲ್ಲಿ ಗಾಜಿನ ಬಾಗಿಲಿನ ದೊಡ್ಡ ಲಾಂಡ್ರಿ ಬಂದ ಮೇಲೆ ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟತೊಡಗಿದ್ದರು. ಅಂಥ ಹೊತ್ತಿನಲ್ಲಿ ನನ್ನ ಹೆಂಡತಿ ಹತ್ತು ಸಲ ಅಲೆದು ಊರಿನ ವೃಂದಗಾನ ತಂಡದ ಕೆಲಸ ಹಿಡಿದು ತಂದಿದ್ದಳು. ಎಲ್ಲವೂ ಕಪ್ಪು ಮಖಮಲ್ ಕೋಟುಗಳು. ಶನಿವಾರದ ಕಾರ್ಯಕ್ರಮಕ್ಕೆ ಅವು ಚೆನ್ನಾಗಿ ಬಂದರೆ ತಂಡದ ಬಟ್ಟೆಯೆಲ್ಲ ಮುಂದೆ ನಮ್ಮಲ್ಲಿಗೇ ಎಂದು ಹಾಡು ಕಲಿಸುವ ಟೀಚರು ಮಾತು ಕೊಟ್ಟಿದ್ದರು. ಮಖಮಲ್ಲಿಗೆ ಇಸ್ತ್ರಿಪೆಟ್ಟಿಗೆ ತಾಗಿಸುವಂತಿಲ್ಲ, ತಾಗಿದರೆ ಅದರ ನವಿರು ಮಲಗಿಬಿಡುತ್ತದೆ. ದೂರದಿಂದಲೇ ಆವಿ ಹಿಡಿದು, ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಸವರಬೇಕು. ಹೆಂಡತಿ ಮಗುವಿನ ತಲೆ ಬಾಚುವಂತೆ ಒಂದೊಂದನ್ನೂ ಸವರಿ ಒಳಕೋಣೆಯಲ್ಲಿ ತೂಗುಹಾಕಿದ್ದಳು.

ಇಷ್ಟರಲ್ಲಿ ನನ್ನ ಹಲ್ಲು ತನ್ನದೇ ಕಾರ್ಯಕ್ರಮ ಶುರುಮಾಡಿತ್ತು.

ನಾನು ಸೋದರಮಾವನಿಗೆ ಫೋನು ಮಾಡಿದೆ. ಬಸ್ ಕಂಡಕ್ಟರಾಗಿ ನಿವೃತ್ತರಾದ ಅವರು ಈಗ ಕೇಳಿದವರಿಗೂ ಕೇಳದವರಿಗೂ ಗಿಡಮೂಲಿಕೆಯ ಟಿಕೆಟ್ ಹರಿಯುತ್ತಾರೆ. ಉತ್ತರಾಣಿ ಇರುವಾಗ ಡಾಕ್ಟರ ಯೋಚನೆ ಯಾಕೆ ಎಂದು ಅವರು ನನ್ನನ್ನೇ ಬೈದರು. ಹಿಂದಿನವರು ಅದರ ಬೇರಿನಲ್ಲೇ ಹಲ್ಲುಜ್ಜುತ್ತಿದ್ದರಂತೆ. ಬೇರು ಜಗಿದರೆ ಹಲ್ಲಿನೊಳಗಿನ ಹುಳ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತದಂತೆ. ಅದು ಮನೆಯಲ್ಲಿದ್ದರೆ ಚೇಳು ಹೊಸ್ತಿಲು ದಾಟುವುದಿಲ್ಲವಂತೆ. ಹೆರಿಗೆ ನೋವಿನವರ ಸೊಂಟಕ್ಕೆ ಬೇರು ಕಟ್ಟಿದರೆ ಮಗು ಸಲೀಸಾಗಿ ಇಳಿಯುತ್ತದಂತೆ. ಗಿಡ ಸುಟ್ಟ ಬೂದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಕಾಲವೂ ಇತ್ತಂತೆ. ಈ ಕೊನೆಯ ಮಾತು ಕೇಳಿ ನನಗೆ ರೋಮಾಂಚನವಾಯಿತು. ಅದು ನಮ್ಮ ಕುಲಕಸುಬಿನ ಗಿಡವೇ ಆಯಿತಲ್ಲ!

ಬಸ್ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ಅದು ಸೊಂಟದೆತ್ತರ ಬೆಳೆದು ನಿಂತಿತ್ತು. ಅಷ್ಟು ಗುಣವಂತ ಗಿಡವನ್ನು ಜನ ಕಳೆ ಎಂದು ತುಳಿಯುತ್ತಾರಲ್ಲ ಎಂದು ಮರುಗುತ್ತಾ ತಬ್ಬಿ ಹಿಡಿದು ಬೇರುಸಮೇತ ಕಿತ್ತೆ. ಗಿಡವೂ ನನ್ನನ್ನು ಪ್ರೀತಿಯಿಂದ ತಬ್ಬಿತು. ಉದ್ದನೆಯ ತೆನೆಗಳಲ್ಲಿ ತಲೆಕೆಳಗಾಗಿ ಜೋತ ಅದರ ಮುಳ್ಳುಕಾಳುಗಳಿಗೆ ಬಟ್ಟೆ ಕಂಡರಾಯಿತು, ಬಿಡುವುದಿಲ್ಲ. ಅಂಗಡಿಗೆ ಬಂದಾಗ ನನ್ನ ಸ್ವೆಟರು ಮುಳ್ಳುಹಂದಿಯಂತಾಗಿತ್ತು.

ಹೆಂಡತಿ ಬಾಗಿಲಲ್ಲೇ ತಡೆದಳು. "ಏನ್ರೀ ಇದು ಅವತಾರ?"

"ಉತ್ತರಾಣಿ ಕಣೇ. ಹಲ್ಲುನೋವಿಗೆ ಇದೇ ಉತ್ತರ."

"ಉತ್ತರ ಡಾಕ್ಟರ ಹತ್ರ ಇದೆ. ನೀವು ತಂದಿರೋದು ಬರೀ ಪ್ರಶ್ನೆ."

ಮನೆಯಲ್ಲೇ ಒಬ್ಬಳು ಉತ್ತರ-ರಾಣಿ ಇರುವಾಗ ಇನ್ನೊಂದನ್ನು ಕಿತ್ತು ತರಬಾರದಿತ್ತು ಎಂದುಕೊಂಡೆ, ಹೇಳಲಿಲ್ಲ. ಆ ಗಿಡವನ್ನು ಅಂಗಡಿಯೊಳಗೆ ತರಬೇಡಿ, ಹಿತ್ತಲಿನಲ್ಲೇ ಇರಲಿ ಎಂದು ಅವಳು ಕಟ್ಟಪ್ಪಣೆ ಮಾಡಿದಳು. ಆದರೆ ಔಷಧಿ ನೆರಳಲ್ಲೇ ಒಣಗಬೇಕು ಎಂದು ಮಾವ ಹೇಳಿದ್ದರು. ಇಡೀ ಅಂಗಡಿಯಲ್ಲಿ ನೆರಳಿಗೆ ಬರವಿಲ್ಲದ ಜಾಗ ಒಂದೇ, ಒಳಕೋಣೆ. ಅವಳು ಗಿರಾಕಿಯೊಬ್ಬರ ಜೊತೆ ಮಾತಿಗೆ ನಿಂತಾಗ ನಾನು ಮೆಲ್ಲಗೆ ಕಂತೆಯನ್ನು ಒಳಗೆ ಸಾಗಿಸಿ, ಕೋಟುಗಳ ಹಿಂದೆ, ಅವು ತೂಗುತ್ತಿದ್ದ ಸರಳಿಗೇ ಕಟ್ಟಿದೆ.

ಆಮೇಲೆ ನೋವು ಎದ್ದಾಗಲೆಲ್ಲ ಕೋಟುಗಳ ನಡುವೆ ತೂರಿ ಒಂದು ಬೇರು ಮುರಿದುಕೊಳ್ಳುವುದು, ಜಗಿಯುವುದು. ನೋವು ಇಳಿಯಿತೋ, ಕಹಿಗೆ ಹೆದರಿ ಸುಮ್ಮನಾಯಿತೋ, ಅಂತೂ ಗೆಲುವು ನನ್ನದೇ ಎಂದು ಬಗೆದೆ. ಅಂಗಿ ಕೊಡಲು ಬಂದವರಿಗೆಲ್ಲ ಉತ್ತರಾಣಿಯ ಮಹಿಮೆ ಹೇಳತೊಡಗಿದೆ. ಬಲಗೆನ್ನೆ ಇನ್ನೂ ಊದಿದೆಯಲ್ಲ ಎಂದು ಒಬ್ಬರು ಕೇಳಿದ್ದಕ್ಕೆ, ಹುಳ ಸಾಮಾನು ಕಟ್ಟುತ್ತಿದೆ ಎಂದೆ.

ಶನಿವಾರ ಮಧ್ಯಾಹ್ನ ಕೋಟುಗಳನ್ನು ಕೊನೆಯ ಸಲ ನೋಡಿ ಚೀಲಕ್ಕೆ ಹಾಕುವ ಹೊಣೆಯನ್ನು ನಾನೇ ಕೇಳಿ ಪಡೆದೆ. ಹೆಂಡತಿ ಒಳಗೆ ಹೋದರೆ ಕಂತೆ ಕಂಡುಬಿಡುತ್ತದಲ್ಲ! ಕತ್ತಲ ಕೋಣೆ, ಕಪ್ಪು ಬಟ್ಟೆ. ನನ್ನ ಕಣ್ಣಿಗೆ ಎಲ್ಲವೂ ಭವ್ಯವಾಗಿಯೇ ಕಂಡವು.

ಸಂಜೆ ಸಭಾಂಗಣದ ಕೊನೆಯ ಸಾಲಿನಲ್ಲಿ ನಾವಿಬ್ಬರೂ ಕೂತೆವು. ಪರದೆ ಎದ್ದಿತು. ದೀಪದ ಬೆಳಕಿನಲ್ಲಿ ಮಖಮಲ್ಲು ಕಾಡಿಗೆಯಂತೆ ಹೊಳೆಯಿತು. ಹೆಂಡತಿ ನನ್ನ ಕೈ ಅದುಮಿದಳು. ಮೊದಲ ಹಾಡಿನ ಎರಡನೆಯ ಚರಣಕ್ಕೆ ದಪ್ಪ ದನಿಯ ಗಾಯಕರೊಬ್ಬರು ಕತ್ತು ಓರೆ ಮಾಡಿದರು. ಅವರ ಪಕ್ಕದವರು ಭುಜ ಕುಣಿಸಿದರು. ನೋಡನೋಡುತ್ತ ಇಡೀ ಸಾಲು ಬೆನ್ನು ತಿರುಚಿ, ಕತ್ತು ಕೊಂಕಿಸಿ, ಮೊಣಕೈಯಿಂದ ಪಕ್ಕೆ ಉಜ್ಜಿಕೊಳ್ಳತೊಡಗಿತು. ತಾಳಕ್ಕೆ ಸರಿಯಾಗಿಯೇ ಉಜ್ಜಿಕೊಳ್ಳುತ್ತಿದ್ದರು, ಸಂಗೀತಗಾರರಲ್ಲವೇ! ಹೊಸ ಬಗೆಯ ನೃತ್ಯವೆಂದು ಸಭಿಕರು ಚಪ್ಪಾಳೆ ತಟ್ಟಿದರು. ಟೀಚರ ಮುಖ ಮಾತ್ರ ಬಿಳಿಚಿತ್ತು.

ಹೆಂಡತಿ ನನ್ನ ಕಡೆ ತಿರುಗದೆ ಕೇಳಿದಳು. "ರೀ, ಆ ಗಿಡ ಎಲ್ಲಿಟ್ಟಿದ್ರಿ?"

"ನೆರಳಲ್ಲಿ."

"ಯಾವ ನೆರಳಲ್ಲಿ?"

ಅವಳ ಕೈ ನನ್ನ ಕೈಯನ್ನು ಬಿಟ್ಟಿತು.

ವಿರಾಮದಲ್ಲಿ ಅವಳು ನೇರ ವೇದಿಕೆಯ ಹಿಂದಕ್ಕೆ ನಡೆದಳು. ಟೀಚರು ಬಾಯಿ ತೆರೆಯುವ ಮೊದಲೇ, ತಪ್ಪು ನಮ್ಮ ಅಂಗಡಿಯದು, ಪರದೆ ಏಳುವಷ್ಟರಲ್ಲಿ ಸರಿಮಾಡುತ್ತೇವೆ ಎಂದಳು. ಅವಳ ದನಿ ನಡುಗುತ್ತಿತ್ತು. ಅದನ್ನು ಕೇಳಿ ನನ್ನ ಹಲ್ಲಿಗಿಂತ ಹೆಚ್ಚು ಬೇರೇನೋ ನೋಯಿತು. "ಅಂಗಡೀದಲ್ಲ ಟೀಚರೇ, ತಪ್ಪು ನಂದು," ಎಂದೆ. ಉದ್ದನೆಯ ಮೇಜಿನ ಮೇಲೆ ಕೋಟುಗಳನ್ನು ಬೋರಲು ಹಾಸಿ ಇಬ್ಬರೂ ಕೀಳಲು ಕೂತೆವು. ಅವಳು ಬಾಚಣಿಗೆಯಿಂದ ನವಿರು ಎತ್ತುವುದು, ನಾನು ಕಾಳು ಕೀಳುವುದು. ಬೆರಳ ತುದಿಗಳು ಉರಿದವು, ದವಡೆ ಡಂಗುರ ಹೊಡೆಯಿತು, ಕಣ್ಣಲ್ಲಿ ನೀರು ಬಂತು. ಒಂದು ಕಾಳನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದೆ. ಈ ಹಟದಲ್ಲಿ ಮಾತ್ರ ಹೆಂಡತಿಗೂ ನನಗೂ ಭಿನ್ನಾಭಿಪ್ರಾಯವಿರಲಿಲ್ಲ.

ತಮ್ಮ ಕೋಟಿಗಾಗಿ ಕಾಯುತ್ತಿದ್ದ ಎತ್ತರದ ಗಾಯಕಿಯೊಬ್ಬರು ಬಗ್ಗಿ ನನ್ನ ಕೆನ್ನೆ ನೋಡಿದರು.

"ಸ್ವಲ್ಪ ಬಾಯಿ ತೆಗೀರಿ."

ಕ್ಷಮೆ ಕೇಳಲು ಹೇಳುತ್ತಿದ್ದಾರೆಂದು ತೆಗೆದೆ. ಅವರು ಮೊಬೈಲಿನ ದೀಪ ಒಳಗೆ ಬಿಟ್ಟರು. ಹಗಲಲ್ಲಿ ಅವರು ಹಲ್ಲಿನ ಡಾಕ್ಟರು ಎಂಬುದು ಆಗ ತಿಳಿಯಿತು. ಎದ್ದು ಓಡೋಣವೆಂದರೆ ಕೈಯಲ್ಲಿ ಅವರದೇ ಕೋಟು.

"ಒಳಗೆ ಕೀವಾಗಿದೆ, ಇನ್ನು ತಡ ಮಾಡೋ ಹಾಗಿಲ್ಲ," ಎಂದರು ಅವರು ಶಾಂತವಾಗಿ. "ಈಗ ನೀವು ನನ್ನ ಕೋಟಿಂದ ಕೀಳಿ. ನಾಳೆ ನಾನು ನಿಮ್ಮ ಬಾಯಿಂದ ಕೀಳ್ತೀನಿ."

ಕಾರ್ಯಕ್ರಮದ ಉಳಿದರ್ಧ ಯಾರೂ ಕುಣಿಯದೆ ಮುಗಿಯಿತು. ನೃತ್ಯ ಯಾಕೆ ನಿಂತಿತು ಎಂದು ಕೆಲವರು ಬೇಸರಪಟ್ಟರಂತೆ. ಟೀಚರು ಹೊರಡುವಾಗ ಹೆಂಡತಿಯ ಬೆನ್ನು ತಟ್ಟಿ, ಮುಂದಿನ ಕೋಟುಗಳೂ ನಿಮಗೇ, ಆದರೆ ಚೀಲಕ್ಕೆ ಹಾಕುವವರು ನೀವೇ ಆಗಿರಬೇಕು ಎಂದರು. ನನ್ನತ್ತ ನೋಡಲಿಲ್ಲ.

ಮರುದಿನ ಭಾನುವಾರವಾದರೂ ಡಾಕ್ಟರಮ್ಮ ನನಗಾಗಿಯೇ ಬಾಗಿಲು ತೆರೆದರು. ಹೆಂಡತಿ ನನ್ನ ತೋಳು ಹಿಡಿದು ಕುರ್ಚಿಗೆ ಏರಿಸಿದಳು. ಸೂಜಿ ಚುಚ್ಚಿದ್ದಷ್ಟೇ ಗೊತ್ತು. ಹಲ್ಲು ಬಟ್ಟಲಿಗೆ ಬಿದ್ದ ಸದ್ದು ಕೇಳುವವರೆಗೂ ನಾನು ಕಣ್ಣು ಬಿಡಲಿಲ್ಲ. ತಮ್ಮ ಅಜ್ಜಿಯೂ ಉತ್ತರಾಣಿ ಬೇರಿನಲ್ಲೇ ಹಲ್ಲುಜ್ಜುತ್ತಿದ್ದರು, ಗಿಡದ ಮೇಲೆ ತಮಗೇನೂ ಕೋಪವಿಲ್ಲ, ಆದರೆ ಹಲ್ಲುಜ್ಜುವುದೇ ಬೇರೆ, ಕೊಳೆತ ಹಲ್ಲಿಗೆ ಮದ್ದು ಮಾಡುವುದೇ ಬೇರೆ ಎಂದು ಅವರು ವಿವರಿಸಿದರು. ನನ್ನ ಬಳಿ ತಕ್ಕ ವಾದವೊಂದು ಸಿದ್ಧವಿತ್ತು. ಏನು ಮಾಡಲಿ, ಬಾಯಿ ತುಂಬ ಹತ್ತಿ.

"ಇದನ್ನ ಕಚ್ಚಿಕೊಂಡೇ ಇರಬೇಕು, ಮಾತಾಡಬಾರದು," ಎಂದರು ಡಾಕ್ಟರಮ್ಮ.

"ಎಷ್ಟು ಹೊತ್ತು, ಡಾಕ್ಟರೇ?" ಎಂದು ಹೆಂಡತಿ ಕೇಳಿದಳು.

"ಅರ್ಧ ಗಂಟೆ ಸಾಕು."

ಅವಳು ನನ್ನನ್ನು ಒಮ್ಮೆ ಪ್ರೀತಿಯಿಂದ ನೋಡಿದಳು. ಆಮೇಲೆ ಡಾಕ್ಟರ ಕಡೆ ಬಾಗಿ ದನಿ ತಗ್ಗಿಸಿದಳು.

"ಒಂದು ವಾರಕ್ಕಾಗೋವಷ್ಟು ಹತ್ತಿ ಕಟ್ಟಿಕೊಡ್ತೀರಾ?"