ಬೀದಿ ಕಟ್ಟಿದ ಸಿಪಾಯಿ

“ಇರೋ ಪಾಯಿಂಟೆಲ್ಲಾ ಬಂದೂಕಿಗೇ ಹಾಕಿದ್ರೆ, ಜೀವಕ್ಕೆ ಏನು ಉಳೀತೈತೆ?”

ಮಾರುತೇಶ ಇದನ್ನು ಯಾರನ್ನೂ ಕೇಳಿದ್ದಲ್ಲ. ತನ್ನಷ್ಟಕ್ಕೆ ಅಂದುಕೊಂಡದ್ದು ಬಾಯಿಂದ ಜಾರಿತು, ಅಷ್ಟೆ. ಆದರೆ ಜಾರಿದ ಜಾಗ ಸರಿಯಿರಲಿಲ್ಲ.

ಮೊಳಕಾಲ್ಮೂರಿನ ಆ ಬೀದಿಯಲ್ಲಿ ಎಳೆಬಿಸಿಲಿಗೆ ಜಂಪಣ್ಣನ ಮನೆಯ ರೇಷ್ಮೆ ಹಾಸು ಚಾಚಿಕೊಂಡಿತ್ತು. ಸೀರೆಯ ಉದ್ದದ ಎಳೆಗಳನ್ನೆಲ್ಲ ಬೀದಿಯಲ್ಲಿ ಬಿಗಿದು, ಗಂಜಿ ಹಚ್ಚಿ, ಕಡಿದದ್ದನ್ನು ಕೂಡಿಸಿ, ಆರಿದ ಮೇಲೇ ಮಗ್ಗಕ್ಕೆ ಏರಿಸುವುದು. ಒಂದು ತುದಿಗೆ ಕಲ್ಲುಗೂಟವಿತ್ತು. ಇನ್ನೊಂದು ತುದಿಯ ಗೂಟವನ್ನು ಚರಂಡಿ ಅಗೆಯುವವರು ಕಿತ್ತು ಎಸೆದಿದ್ದರಿಂದ ಅದರ ಜಾಗದಲ್ಲಿ ಮಾರುತೇಶ ನಿಂತಿದ್ದ. ಹಗ್ಗ ಸೊಂಟಕ್ಕೆ, ಹಾಸಿನ ಕೋಲು ಎರಡೂ ಕೈಗೆ. ಕೈ ಬಿಟ್ಟರೆ ರೇಷ್ಮೆಯೆಲ್ಲ ಸಿಕ್ಕಾಗುತ್ತದೆ. ಆರುವ ತನಕ ಅವನು ನೇಕಾರನಲ್ಲ, ಗೂಟ.

ಗೂಟ ಕನಸು ಕಾಣುತ್ತಿತ್ತು. ಎದುರಿಗೆ ನವಿಲುಬಣ್ಣದ ಎಳೆಗಳು ಗಾಳಿಗೆ ಮೆಲ್ಲಗೆ ಉಸಿರಾಡುತ್ತಿದ್ದವು. ಗುಡಿಯಲ್ಲಿ ಪದ್ಯ ಓದುವವರು ಒಂದೇ ಸಾಲನ್ನು ರಾಗ ಬದಲಿಸಿ ಎಳೆಯುವ ಹಾಗೆ ಆ ನೀಲಿ ಮುಗಿಯುತ್ತಲೇ ಇರಲಿಲ್ಲ. ನೋಡುತ್ತ ನೋಡುತ್ತ ಅದು ‘ಏಳು ಚಂದ್ರ’ ಎಂಬ ಮೊಬೈಲ್ ಗೇಮಿನ ನೀಲಿ ಚಂದ್ರನಾಯಿತು. ಅಲ್ಲಿ ನಾಲ್ವರು ಸಿಪಾಯಿಗಳ ತಂಡ ಆಕಾಶನೌಕೆಯಿಂದ ಇಳಿದು, ಎದುರಾಳಿಗಳ ಗುಂಡು ತಪ್ಪಿಸಿಕೊಂಡು, ಗುಡ್ಡದ ತುದಿಯಲ್ಲಿ ದೀಪ ಹಚ್ಚಿದರೆ ಗೆಲುವು. ಗುಡ್ಡ ಹತ್ತುವವನು ಯಾವಾಗಲೂ ಬಂದೂಕಿನವನು. ಬೀದಿಯಲ್ಲಿ ಯಾರ ಹಾಸಿದ್ದರೂ ತುದಿ ಹಿಡಿಯಲು ಕರೆಸಿಕೊಳ್ಳುವ ಮಾರುತೇಶನಿಗೆ ಈ ಜನ್ಮದಲ್ಲಿ ಬೇಕಾಗಿದ್ದದ್ದು ಒಂದೇ. ಆ ಗುಡ್ಡದ ಮೇಲೆ ನಿಂತು, ತನ್ನ ಕೈಯಾರೆ, ಒಂದು ಸಲ ದೀಪ ಹಚ್ಚಬೇಕು.

ಚಳ್ಳಕೆರೆಯ ಎಣ್ಣೆಗಿರಣಿ ಮಾಲೀಕರ ಮಗ ಮುರುಗೇಶನ ತಂಡದಲ್ಲಿ ಬಂದೂಕಿನವನ ಜಾಗ ಒಂದು ಖಾಲಿಯಾಗಿತ್ತು. ಸಂಜೆಗೆ ಪಂದ್ಯ. ಬೆಳಿಗ್ಗೆ ಎಂಟು ಗಂಟೆಯೊಳಗೆ ಮಾರುತೇಶ ತನ್ನ ಸಿಪಾಯಿಯ ಕ್ಲಾಸ್, ಅಂದರೆ ಅವನಿಗೆ ಯಾವ ಕಸುಬು ಎಷ್ಟು ಬರಬೇಕೆಂಬುದನ್ನು, ಕಟ್ಟಿ, ಪಾಯಿಂಟೆಲ್ಲ ಬಂದೂಕಿಗೆ ಹಾಕಿ, ಲಾಕ್ ಮಾಡಬೇಕಿತ್ತು.

ಜೇಬಿನ ಫೋನು ಅಲಾರಂ ಹೊಡೆಯಿತು. ಗಂಜಿ ಹಚ್ಚುತ್ತಿದ್ದ ಪಕ್ಕದ ಮನೆಯ ಪಾತಮ್ಮ ಬಂದು ಅದನ್ನು ಹೊರಗೆಳೆದಳು.

“ನೀನು ಅಲ್ಲಾಡಬೇಡ ನಾಯನಾ. ಎಲ್ಲಿ ಒತ್ತಬೇಕು ಹೇಳು.”

“ಬಂದೂಕಿನ ಚಿತ್ರ ಐತಲ್ಲಕ್ಕ, ಅದನ್ನ ಒತ್ತುತಾ ಹೋಗು. ಪಾಯಿಂಟು ಮುಗಿಯೋ ಗಂಟ.”

“ಈಗ ನೀನೇ ಕೇಳ್ದೆ, ಜೀವಕ್ಕೇನು ಉಳೀತೈತೆ ಅಂತ.”

“ಅದು ಸುಮ್ನೆ ಅಂದಿದ್ದಕ್ಕ.”

ಆ ಬೀದಿಯಲ್ಲಿ ಹಾಸಿನ ಮೇಲೆ ಆಡಿದ ಮಾತು ಸುಮ್ಮನೆ ಆಡಿದ್ದಾಗುವುದಿಲ್ಲ. ಹೊಸ ನಮೂನೆ ಮಗ್ಗಕ್ಕೆ ಏರುವ ಮುಂಚೆ ಹಾಸಿನ ಕೆಲಸಕ್ಕೆ ಕೈ ಹಚ್ಚಿದವರೆಲ್ಲ ಒಂದೊಂದು ಮಾತು ಸೇರಿಸಬೇಕು, ಅದು ರೂಢಿ. ಯಜಮಾನ ಬೇಡ ಅಂದರೆ ಹಾಸು ಬಿಟ್ಟು ಹೋಗುತ್ತಾರೆ. ಮಾರುತೇಶನ ಸಿಪಾಯಿಯೂ ಅವರಿಗೊಂದು ಹೊಸ ನಮೂನೆಯೇ.

“ಗುಂಡು ತಗುಲಿದ್ರೆ ಎತ್ತೋರು ಯಾರು?” ಅಂದಳು ಪಾತಮ್ಮ.

“ಮದ್ದಿನೋನು ಬೇರೆ ಇದಾನಕ್ಕ, ಈರೇಶ ಅಂತ.”

“ಅವನೇ ಬಿದ್ರೆ?” ಗಂಜಿ ಹತ್ತಿದ ಹೆಬ್ಬೆರಳು ಮದ್ದಿನ ಚಿತ್ರವನ್ನು ಒತ್ತಿತು. ಒತ್ತಿದ್ದು ಅಂಟಿಕೊಂಡು ಇನ್ನೂ ನಾಲ್ಕು ಸಲ ಒತ್ತಿತು.

ಜಂಪಣ್ಣ ಕನ್ನಡಕ ಏರಿಸಿಕೊಂಡು ಬಂದ. “ಈ ಪಾನಾ ಯಾತರದ್ದು? ರಿಪೇರಿದಾ? ಹಾಕವ್ವ, ಹಾಕು. ಮಗ್ಗ ಬಿಚ್ಚಿ ಕಟ್ಟಕ್ಕೆ ಬರದೋನು ನೇಕಾರನೇನಲೇ?”

“ಜಂಪಣ್ಣಾರೇ, ಇದು ಮಗ್ಗ ಅಲ್ಲರೀ, ಯುದ್ಧ.”

“ಯುದ್ಧದಾಗೆ ಏನೂ ಕೆಡಲ್ಲ ಅಂತೀಯಾ?”

ಮಾರುತೇಶನ ಹೆಂಡತಿ ಸೌಂದರ್ಯ ಎಳೆ ಕೂಡಿಸುತ್ತ ಕೂತಲ್ಲಿಂದಲೇ ಹೇಳಿದಳು, “ಓಡೋದಕ್ಕೂ ಒಂದಿಷ್ಟು ಹಾಕಕ್ಕ. ನಮ್ಮನೆಯೋರು ನಿಂತಿರೋ ಬಸ್ಸನ್ನೇ ಹಿಡಿಯಲ್ಲ.”

“ನೀನಾದ್ರೂ ಸುಮ್ಕಿರೆ ಸೌಂದರ್ಯ.”

“ಗುರಾಣಿನೂ ಐತೇನಕ್ಕ? ಅದಕ್ಕೂ ಹಾಕು. ನಂಗಿರೋದು ಒಬ್ಬನೇ ಗಂಡ.”

ಇಷ್ಟಾದ ಮೇಲೆ ಬಂದೂಕಿಗೆ ಉಳಿದದ್ದು ಮದುವೆಮನೆಯಲ್ಲಿ ಕೊನೇ ಪಂಕ್ತಿಗೆ ಉಳಿಯುವ ಪಾಯಸದಷ್ಟು. ಮಾರುತೇಶ ಕೋಲು ಬಿಡಲಾರದೆ, ಕತ್ತು ಮಾತ್ರ ಚಾಚಿ, “ಲಾಕ್ ಮಾಡಬೇಡಕ್ಕ, ನಾನು ಸರಿ ಮಾಡ್ಕೊಂತೀನಿ” ಅಂದ.

“ಖಚಿತವೇ ಅಂತ ಕೇಳ್ತಾ ಐತಪ್ಪ. ಪಾಪ, ಎಷ್ಟು ಮರ್ಯಾದೆಯಿಂದ ಕೇಳ್ತೈತೆ,” ಎನ್ನುತ್ತ ಪಾತಮ್ಮ ಒತ್ತಿಯೇಬಿಟ್ಟಳು.

ಲಾಕ್ ಆದದ್ದನ್ನು ಬಿಚ್ಚಲು ಒಂದೇ ದಾರಿಯಿತ್ತು. ಗೆದ್ದ ತಂಡದ ಕ್ಯಾಪ್ಟನ್ನಿಗೆ ಗೇಮು ಒಂದು ರೀಸೆಟ್ ಕೊಡುತ್ತದೆ. ಅವನು ಅದನ್ನು ತಂಡದಲ್ಲಿ ಯಾರಿಗೆ ಕೊಟ್ಟರೆ ಅವರು ಹೊಸದಾಗಿ ಕ್ಲಾಸ್ ಕಟ್ಟಿಕೊಳ್ಳಬಹುದು. ಅಂದರೆ ಈ ಸಿಪಾಯಿಯಿಂದ ಬಿಡುಗಡೆ ಬೇಕಿದ್ದರೆ ಈ ಸಿಪಾಯಿಯನ್ನೇ ಇಟ್ಟುಕೊಂಡು ಗೆಲ್ಲಬೇಕು.

ಚಳ್ಳಕೆರೆಯ ಬಸ್ಸಿನಲ್ಲಿ ಅವನು ಕಿಟಕಿಗೆ ತಲೆಯಾನಿಸಿ ಕೂತ. ಬಂಡೆಗುಡ್ಡಗಳು ಒಂದೊಂದೇ ಹಿಂದೆ ಸರಿದವು. ಪ್ರತಿ ಗುಡ್ಡದ ತುದಿಯಲ್ಲೂ ಅವನಿಗೆ ತಾನೇ ನಿಂತಂತೆ, ತನ್ನ ಅಂಗೈಯಿಂದ ಬೆಳಕು ಏಳುತ್ತಿರುವಂತೆ ಕಾಣುತ್ತಿತ್ತು. ಕಂಡಕ್ಟರ್ ಭುಜ ಅಲುಗಿಸಿದಾಗ ದೀಪ ಆರಿತು. ನಿಲ್ದಾಣ ದಾಟಿ ಮುಂದೆ ಬಂದಿದ್ದ.

ಶೇಂಗಾ ಎಣ್ಣೆಯ ಘಮ ಮೆಟ್ಟಿಲುದ್ದಕ್ಕೂ ಹತ್ತಿಬರುತ್ತಿದ್ದ ಗಿರಣಿಯ ಮಾಳಿಗೆಯ ಕೋಣೆಯಲ್ಲಿ ಮುರುಗೇಶ್, ಈರೇಶ್, ವೀರೇಶ ಮೂವರೂ ಕಾದಿದ್ದರು. ಮುರುಗೇಶ್ ಮಾರುತೇಶನ ಸಿಪಾಯಿಯನ್ನು ನೋಡಿದ, ಮತ್ತೆ ಮಾರುತೇಶನನ್ನು ನೋಡಿದ.

“ಇದು ಕ್ಲಾಸೇನಲೇ? ಮಂಡಕ್ಕಿ ಒಗ್ಗರಣೆ ಆಗೈತಲ್ಲೋ.”

“ಬೀದಿಯೋರು ಕಟ್ಟಿದ್ದಣ್ಣ. ಗೆದ್ರೆ ರೀಸೆಟ್ ನಂಗೆ ಕೊಡು. ಮುಂದಿನ ಆಟಕ್ಕೆ ಬರೀ ಬಂದೂಕಿನೋನಾಗಿ ಬಂದು ಗುಡ್ಡ ಹತ್ತುತೀನಿ.”

“ಮೊದ್ಲು ಗೆಲ್ಲು. ಈಗ ಬ್ಯಾರೆ ಯಾರೂ ಸಿಗಲ್ಲ ಅಂತ ಇಟ್ಕೊಂಡೀನಿ.”

ನೀಲಿ ಚಂದ್ರನ ಮೇಲೆ ನೌಕೆ ಇಳಿಯಿತು. ಇಳಿದ ಗಳಿಗೆಯಲ್ಲೇ ಮದ್ದಿನ ಈರೇಶ್ ತನ್ನ ಮದ್ದಿನ ಪೆಟ್ಟಿಗೆಯ ಮೇಲೆಯೇ ಬಿದ್ದ. ಮುರುಗೇಶ್ ನಾಲ್ಕು ಗುಂಡು ಹಾರಿಸಿ ಐದನೆಯದನ್ನು ತಿಂದ. ರಿಪೇರಿಯ ವೀರೇಶ ನೌಕೆಯ ಕೆಳಗೆ ಅಡಗಿಕೊಂಡ, ಗುಂಡು ತಗುಲಿ ಸುಟ್ಟ ನೌಕೆ ಅವನ ಮೇಲೇ ಕೂತಿತು.

ಉಳಿದವನು ಮಾರುತೇಶ. ಅವನ ಸಿಪಾಯಿ ಮೊರದಷ್ಟು ಗುರಾಣಿ ಹಿಡಿದು ಓಡಿದ. ಮುರುಗೇಶನಿಗೆ ಮದ್ದು ಹಚ್ಚಿ ಎಬ್ಬಿಸಿದ. ಈರೇಶನನ್ನು ಎಬ್ಬಿಸಿದ. ಪಾನಾ ತೆಗೆದು ನೌಕೆ ಎತ್ತಿ ವೀರೇಶನನ್ನು ಎಳೆದ. ಅಷ್ಟರಲ್ಲಿ ಈರೇಶ್ ಮತ್ತೆ ಬಿದ್ದಿದ್ದ. ಲಾಳಿ ಈ ಅಂಚಿಂದ ಆ ಅಂಚಿಗೆ ಹೋಗಿ ಬರುವಂತೆ ಅವನು ಆ ನೀಲಿಯೊಳಗೆ ಹೋದ, ಬಂದ, ಹೋದ. ಗುಂಡುಗಳು ದೂರದಲ್ಲೆಲ್ಲೋ ಗೆಜ್ಜೆಯ ಹಾಗೆ ಕೇಳುತ್ತಿದ್ದವು. ಅವನ ಬಂದೂಕಿನಿಂದ ಒಂದೂ ಹೊರಡಲಿಲ್ಲ, ಕೈ ಬಿಡುವಿದ್ದರೆ ತಾನೆ. ಎಷ್ಟು ಕೊಂದರೂ ಮತ್ತೆ ಮತ್ತೆ ಏಳುವ ಈ ತಂಡವನ್ನು ಕಂಡು ಎದುರಾಳಿಗಳ ಗುಂಡೇ ಖಾಲಿಯಾಯಿತು. ಮುರುಗೇಶ್ ನಿಧಾನಕ್ಕೆ ಗುಡ್ಡ ಹತ್ತಿ ದೀಪ ಹಚ್ಚಿದ. ಕೆಳಗೆ ಈರೇಶನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ ಮಾರುತೇಶ ತಲೆಯೆತ್ತಿ ಆ ಬೆಳಕನ್ನು ನೋಡಿದ. ಅವನು ಬಸ್ಸಿನಲ್ಲಿ ಕಂಡದ್ದಕ್ಕಿಂತಲೂ ಚೆನ್ನಾಗಿತ್ತು.

ಮೂವರೂ ಅವನನ್ನು ತಬ್ಬಿಕೊಂಡರು. ಮುರುಗೇಶನ ಫೋನಿಗೆ ರೀಸೆಟ್ ಬಂದು ಬಿತ್ತು. ಮಾರುತೇಶ ಕೈ ಚಾಚಿದ.

ಈರೇಶ್ ಮಧ್ಯೆ ಬಂದ. “ಅಣ್ಣ, ಅದನ್ನ ನಂಗೆ ಕೊಡು. ಮಾರುತೇಶ ಇರೋವಾಗ ನಾನ್ಯಾಕೆ ಮದ್ದಿನ ಪೆಟ್ಟಿಗೆ ಹೊತ್ಕೊಂಡು ಸಾಯಲಿ? ನಾನೂ ಬಂದೂಕಿನೋನಾಗ್ತೀನಿ.”

“ಅದೂ ನಿಜಾನೇ,” ಅಂದ ಮುರುಗೇಶ್, ಮತ್ತು ರೀಸೆಟ್ ಈರೇಶನಿಗೆ ಹೋಯಿತು. “ಮುಂದಿನ ರೀಸೆಟ್ ವೀರೇಶಂಗೆ. ಆಮೇಲೆ ನಾವು ಮೂರೂ ಜನ ಬಂದೂಕು ಹಿಡಿಯಾಣ. ಉಳಿದಿದ್ದೆಲ್ಲಾ ಇವನು ನೋಡ್ಕೊಂತಾನೆ.”

ಮಾರುತೇಶ ಚಾಚಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ.

“ಹೋಗ್ಲಿ ಮುರುಗೇಶಣ್ಣ, ರೀಸೆಟ್ ಬೇಡ. ಮುಂದಿನ ಆಟದಾಗೆ ಗುಡ್ಡಕ್ಕೆ ನನ್ನ ಕಳಿಸು. ಇದೇ ಸಿಪಾಯಿಯಿಂದ್ಲೇ ಹತ್ತಿ, ದೀಪ ಹಚ್ಚಿ, ಓಡಿ ಬಂದುಬಿಡ್ತೀನಿ. ಒಂದೇ ಸಲ.”

ಮುರುಗೇಶ್ ಅವನ ಭುಜದ ಮೇಲೆ ಪ್ರೀತಿಯಿಂದ ಕೈ ಹಾಕಿದ.

“ಆಗಲ್ಲ.”