ಗಡ್ಡದ ಕಾಕಾನ ಪಾರಣೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಈವರೆಗೆ ಅಧಿಕೃತ ಗೌರವಕ್ಕೆ ಪಾತ್ರವಾದ ಓತಿಕ್ಯಾತ ಒಂದೇ ಒಂದು. ಅದರ ಹೆಸರು ಗಡ್ಡದ ಕಾಕಾ. ಈ ವಿಷಯದಲ್ಲಿ ಯಾರ ತಕರಾರೂ ಇಲ್ಲ. ಇದ್ದವರು ಈಗ ಬಿಟ್ಟಿದ್ದಾರೆ.

ಕಾಕಾ ನಮ್ಮ ಕಡೆಯದಲ್ಲ. ನಮ್ಮ ಓಣಿಯ ಅರಿವೆ ಅಂಗಡಿಯ ಆದಿನಾಥರು ಮುಂಬೈಗೆ ಸೀರೆ ತರಲು ಹೋದಾಗ ಸೀರೆಯ ಗಂಟಿನ ಜೊತೆ ಇದನ್ನೂ ತಂದರು. ಮೊಳದುದ್ದ ಮೈ, ಕೊರಳ ಕೆಳಗೆ ಮುಳ್ಳುಮುಳ್ಳು ಗಡ್ಡ. "ಶುದ್ಧ ಶಾಕಾಹಾರಿ" ಎಂದು ಮಾರಿದವನು ಆಣೆ ಮಾಡಿದ್ದನಂತೆ. ಹುಳ ಕಂಡರೆ ಅದು ಏನು ಮಾಡೀತು ಎಂದು ಆ ಜೈನರ ಮನೆಯಲ್ಲಿ ಯಾರೂ ಪರೀಕ್ಷಿಸಲು ಹೋಗಲಿಲ್ಲ. ಆದಿನಾಥರ ಹೆಂಡತಿ ರಾಜಮತಿಬಾಯಿ ಮೆಂತ್ಯದ ಸೊಪ್ಪು, ಸವತಿಕಾಯಿ ಹೆಚ್ಚಿ ಹಾಕುತ್ತಿದ್ದರು. ಕಾಕಾ ಮಾಳಿಗೆಯ ಬಿಸಿಲಲ್ಲಿ ಮೈ ಕಾಯಿಸಿಕೊಂಡು, ಹೊಟ್ಟೆ ತುಂಬ ತಿಂದು, ಹೊತ್ತು ಮುಳುಗುವ ಮೊದಲೇ ಮಲಗುತ್ತಿತ್ತು. ಕತ್ತಲಾದ ಮೇಲೆ ಒಂದು ಎಲೆ ಮುಟ್ಟುತ್ತಿರಲಿಲ್ಲ.

"ನಮ್ಮ ಮನಿ ಸಂಸ್ಕಾರ ಬಂದೈತಿ ನೋಡ್ರಿ," ಎಂದು ರಾಜಮತಿಬಾಯಿ ಓಣಿಗೆಲ್ಲ ಹೇಳಿಕೊಂಡರು. ಮಕ್ಕಳಿಲ್ಲದ ಮನೆ, ಯಾರೂ ನಗಲಿಲ್ಲ.

2001ರ ಮಳೆಗಾಲದಲ್ಲಿ ಕಾಕಾ ಊಟ ಬಿಟ್ಟಿತು. ಚಾತುರ್ಮಾಸ ಆಗಷ್ಟೇ ಶುರುವಾಗಿತ್ತು. ಮನೆಯವರೆಲ್ಲ ಒಂದಿಲ್ಲೊಂದು ಉಪವಾಸ ಹಿಡಿದಿದ್ದರಿಂದ ಕಾಕಾನೂ ಹಿಡಿದಿದೆ ಎಂದು ತೀರ್ಮಾನವಾಯಿತು. ಓಣಿಯ ಹೆಂಗಸರು ಬಂದು ಕೈಮುಗಿದು ಹೋದರು. ಆದರೆ ಬಾಲ ಬತ್ತತೊಡಗಿದಾಗ ರಾಜಮತಿಬಾಯಿ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರ್ ಶಿದ್ರಾಮರ ಬಳಿ ಓಡಿದರು.

"ಹಾಲು ಕೊಡತೈತೇನ್ರಿ?" ಡಾಕ್ಟರು ಕೇಳಿದರು.

"ಇಲ್ರಿ."

"ತತ್ತಿ?"

"ಗಂಡು ಐತ್ರಿ."

"ಹಂಗಾರ ನಮಗ ಸಂಬಂಧಿಲ್ರಿ." ಆದರೂ ಮುಟ್ಟಿ ನೋಡಿದರು. "ಮೈ ಥಣ್ಣಗಾಗೇತಿ. ಬಿಸಿಲ ಬಿದ್ದಿಲ್ಲ, ಅದಕ್ಕ ತಿನ್ನವಲ್ಲದು. ಬಿಸಿಲ ಕಾಸ್ರಿ ಬಾಯಾರ, ಇಲ್ಲಂದ್ರ ಉಳಿಯೂದಿಲ್ಲ."

ಬಿಸಿಲು ಮೋಡದ ಹಿಂದಿತ್ತು. ಬಲ್ಬ್ ಹಚ್ಚೋಣವೆಂದರೆ ಹಗಲು ಕರೆಂಟು ಇರುತ್ತಿರಲಿಲ್ಲ.

ಇದೇ ಹೊತ್ತಿಗೆ, ಬಡವರಿಗೆ ಅಕ್ಕಿ ಹಂಚುವ ಜನಾಹಾರ ಮಂಡಳಿಯ ಗೋದಾಮಿನಲ್ಲಿ ಅಕ್ಕಿ ಕಡಿಮೆ ಬಿದ್ದಿತ್ತು. ಅಕ್ಕಿ ಎಲ್ಲಿಗೆ ಹೋಯಿತು ಎಂಬುದು ಮಂಡಳಿಯ ಕಾರ್ಯವ್ಯಾಪ್ತಿಗೆ ಬರುವುದಿಲ್ಲ. ಜನ ಯಾಕೆ ಇಷ್ಟು ತಿನ್ನುತ್ತಾರೆ ಎಂಬುದು ಬರುತ್ತದೆ. ಆದ್ದರಿಂದ ಮುಖ್ಯಾಧಿಕಾರಿ ಲಗಮಪ್ಪ ಸಾಹೇಬರು ಮಿತಾಹಾರ ಅಭಿಯಾನ ಹೂಡಿದರು. ಅದಕ್ಕೊಬ್ಬ ಆದರ್ಶ ಫಲಾನುಭವಿ ಬೇಕಾಗಿದ್ದ. ಹುಡುಕಿದವರೆಲ್ಲ ಯಾವುದೋ ಒಂದು ಹೊತ್ತಿಗೆ ಉಣ್ಣುತ್ತಿದ್ದುದು ಬಯಲಾಯಿತು. ಕೊನೆಗೆ ಕಾಕಾನ ಸುದ್ದಿ ಸಾಹೇಬರ ಕಿವಿಗೆ ಬಿತ್ತು, ಪ್ರಕಟಣೆ ಹೊರಬಿತ್ತು:

"ಸದರಿ ಪ್ರಾಣಿಯು ಏನನ್ನೂ ಬೇಡದೆ, ಏನನ್ನೂ ತಿನ್ನದೆ, ಯಾರನ್ನೂ ದೂರದೆ ಇರುವುದರಿಂದ ಅದನ್ನು ಆದರ್ಶ ಫಲಾನುಭವಿ ಎಂದು ಘೋಷಿಸಲಾಗಿದೆ. ಸದರಿ ಪ್ರಾಣಿಗೆ ಆಹಾರ ತೋರಿಸುವುದು ದಂಡಾರ್ಹ."

ಕಾಕಾನನ್ನು ಗೌರವಪೂರ್ವಕವಾಗಿ ಒಯ್ದು ಮಂಡಳಿಯ ಕಿಟಕಿಯಿಲ್ಲದ ಕೋಣೆಯಲ್ಲಿಟ್ಟು ಕೀಲಿ ಹಾಕಲಾಯಿತು. ರಾಜಮತಿಬಾಯಿ ಹಿಂದೆಯೇ ಹೋದರು.

"ಸಾಹೇಬ್ರ, ಬಿಸಿಲಿಗರೆ ಇಡ್ರಿ. ಸಾಯತೈತ್ರಿ ಅದು!"

"ಬಿಸಿಲಿಗಿ ಇಟ್ರ ತಿಂತೈತಿ ಅಂತ ಡಾಕ್ಟರು ಹೇಳ್ಯಾರ. ತಿಂದ್ರ ಅಭಿಯಾನದ ಗತಿ ಏನ್ರಿ ಬಾಯಾರ?"

"ಉಪಾಸ ಅಂದಮ್ಯಾಲೆ ಪಾರಣಿ ಇರಬೇಕ್ರಿ. ಉಪಾಸ ಬಿಡೂ ದಿನಾನ ಇಲ್ಲಂದ್ರ ಅದು ಉಪಾಸ ಅಲ್ರಿ, ಕೊಲಿ!"

ಸಾಹೇಬರು ಕಡತವನ್ನು ಸಾವಧಾನವಾಗಿ ತಿರುವಿದರು. "ನಮ್ಮ ನಿಯಮದಾಗ ಪಾರಣಿ ಇಲ್ರಿ," ಎಂದರು.

ಕಾಕಾನನ್ನು ಊರೂರಿಗೆ ತೋರಿಸಲು ಅಭಿಯಾನದ ತೆರೆದ ಜೀಪು ಹೊರಟಿತು. ಪ್ರಾಣಿಯನ್ನು ಎತ್ತಿಕೊಳ್ಳಲು ಸಿಬ್ಬಂದಿ ಹೆದರಿದ್ದರಿಂದ ರಾಜಮತಿಬಾಯಿಗೂ ಜಾಗ ಸಿಕ್ಕಿತು; ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮೆಂತ್ಯದ ಸೊಪ್ಪನ್ನು ಮಾತ್ರ ಜಪ್ತಿ ಮಾಡಲಾಯಿತು. ಮೂಡಲಗಿಯಲ್ಲಿ ಜಿಟಿಜಿಟಿ ಮಳೆ. ಕಾಕಾ ಕಣ್ಣು ಬಿಡಲಿಲ್ಲ, ಆದರ್ಶವಾಗಿತ್ತು. ಹಿಡಕಲ್ ದಾಟುತ್ತಲೇ ಮೋಡ ಒಡೆಯಿತು. ಹುಕ್ಕೇರಿ ಮುಟ್ಟುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಸಾಹೇಬರ ಕೊರಳಿಗೆ ಚೆಂಡುಹೂವಿನ ಮಾಲೆ ಬಿತ್ತು, ಹೆಗಲ ಮೇಲೆ ಕಾಕಾನನ್ನು ಕೂಡಿಸಲಾಯಿತು. ಭಾಷಣ ದೀರ್ಘವಾಗಿತ್ತು. ಮೈಗೆ ಕಾವು ಏರಿ ಕಾಕಾ ಒಂದು ಕಣ್ಣು ತೆರೆಯಿತು, ಗಡ್ಡ ಉಬ್ಬಿಸಿತು, ಮಾಲೆಗೆ ಬಾಯಿ ಹಾಕಿತು.

"ಸಾಹೇಬ್ರ, ತಿನ್ನಾಕತ್ತೈತಿ!" ಅಕ್ಕಿಯ ಆಸೆಗೆ ಬಂದಿದ್ದ ಯಲ್ಲಕ್ಕ ಎಂಬ ಮುದುಕಿ ಕೂಗಿದಳು.

"ಇಲ್ಲ," ಎಂದರು ಸಾಹೇಬರು.

"ನಿಮ್ಮ ಮಾಲಿನ ತಿನ್ನಾಕತ್ತೈತ್ರಿ!"

"ಮಂಡಳಿಯ ನಿಲುವಿನ ಪ್ರಕಾರ ತಿನ್ನುತ್ತಿಲ್ಲ."

ಅರ್ಧ ಮಾಲೆ ಖಾಲಿಯಾಯಿತು. "ಪಾರಣಿ ಆತು! ನನ್ನ ಕಾಕಾನ ಪಾರಣಿ ಆತವ್ವಾ!" ಎಂದು ರಾಜಮತಿಬಾಯಿ ಎಲ್ಲರೆದುರು ಗಳಗಳ ಅತ್ತರು. ಖರೆ ಹೇಳಬೇಕೆಂದರೆ, ತಮಾಷೆ ನೋಡಲು ಹೋಗಿದ್ದ ನನ್ನ ಕಣ್ಣೂ ಒದ್ದೆಯಾಗಿತ್ತು.

ಅಂದೇ ಸಂಜೆ ತಿದ್ದುಪಡಿ ಬಂತು: "ಆದರ್ಶ ಫಲಾನುಭವಿಯು ತಿಂದದ್ದು ಕಂಡುಬಂದಲ್ಲಿ, ತಿಂದಿಲ್ಲವೆಂದೇ ಭಾವಿಸತಕ್ಕದ್ದು."

"ಮನಿಗಿ ಒಯ್ರಿ," ಎಂದರು ಸಾಹೇಬರು ರಾಜಮತಿಬಾಯಿಗೆ. "ತಿಂತೈತಿ ಅಂತ ಮಾತ್ರ ಎಲ್ಲೂ ಅನಬ್ಯಾಡ್ರಿ."

"ಅದು ಉಣ್ಣಲಿ, ಸಾಕ್ರಿ. ಅಂದು ನಾ ಏನ ಮಾಡಲಿ!"

ತಿಂದದ್ದನ್ನು ತಿಂದಿಲ್ಲ ಎನ್ನಬಹುದಾದರೆ, ತಿನ್ನದವರನ್ನು ತಿಂದಿದ್ದಾರೆ ಎನ್ನಲು ಅಡ್ಡಿಯೇನು ಎಂದು ಮಂಡಳಿ ಮುಂದಿನ ತಿಂಗಳು ಯೋಚಿಸಿತು. ಅಡ್ಡಿ ಏನೂ ಕಾಣಲಿಲ್ಲ. ಅಂದಿನಿಂದ ಅಕ್ಕಿ ಸಿಗದವರೆಲ್ಲ ಉಂಡವರೆಂದು ದಾಖಲಾಗುತ್ತಿದ್ದಾರೆ. ಕಾಕಾ ದುಂಡಗಾಗಿದೆ.

ಮೊನ್ನೆ ಹುಕ್ಕೇರಿ ಸಂತೆಯಲ್ಲಿ ಯಲ್ಲಕ್ಕ ಸಿಕ್ಕಳು. ರೂಢಿಯಂತೆ, "ಊಟ ಆತೇನ್ರಿ ಯಲ್ಲಕ್ಕಾ?" ಎಂದು ಕೇಳಿದೆ.

"ಮಂಡಳ್ಯಾಗ ಆಗೇತ್ರಿ," ಎಂದಳು. "ಮನ್ಯಾಗ ಇನ್ನೂ ಇಲ್ಲ."