ಕಾರಿನ ಕನ್ನಡಿಗೆ ಕಟ್ಟಿದ ಕದಿರು

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದ ಮೊದಲಿಗ ನಾನು. ಬಿ.ಎಸ್ಸಿ., ಅದೂ ಭೌತಶಾಸ್ತ್ರ! ಅಮ್ಮ ಮೀನಿನ ಬುಟ್ಟಿ ಹೊತ್ತು ಓದಿಸಿದ್ದು. ಆದಕಾರಣ ಆ ವರ್ಷ ಹೊಸ್ತಿಗೆ ಬ್ರಹ್ಮಾವರದಿಂದ ಕಿರಿಮಂಜೇಶ್ವರದ ಮನೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವುದು ನನ್ನ ಘನತೆಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ತಿಂಗಳ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಕಾರನ್ನು ಹೊರಗೆ ತೆಗೆದು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟೆ.

ಹೊಸ್ತೆಂದರೆ ಹೊಸ ಅಕ್ಕಿ ಉಣ್ಣುವ ಹಬ್ಬ. ಗದ್ದೆಯಿಂದ ಭತ್ತದ ಕದಿರು ತಂದು ಬಾಗಿಲಿಗೆ, ಬಾವಿಕಟ್ಟೆಗೆ, ಕೈಗೆ ಸಿಕ್ಕ ಎಲ್ಲದಕ್ಕೂ ಕಟ್ಟುತ್ತಾರೆ. ನಾಲ್ಕು ಹೊಸ ಕಾಳು ಸುಲಿದು ಅನ್ನಕ್ಕೆ ಸೇರಿಸುತ್ತಾರೆ. ಎಲೆಯ ಮುಂದೆ ಕೂತು, ಹಿರಿಯರಲ್ಲಿ "ಹೊಸ್ತ್ ಉಂತೆ", ಅಂದರೆ ಹೊಸ್ತು ಉಣ್ಣುತ್ತೇನೆ, ಎಂದು ಅಪ್ಪಣೆ ಕೇಳಿಯೇ ತುತ್ತೆತ್ತಬೇಕು. ನಮ್ಮಲ್ಲಿ ಮೊದಲು ಕೇಳಬೇಕಾದವನು ಹಿರಿಮಗನಾದ ನಾನು. ಅಲ್ಲಿಯವರೆಗೆ ಯಾರೂ ಉಣ್ಣುವಂತಿಲ್ಲ, ಸಕ್ಕರೆ ಕಾಯಿಲೆಯ ಅಮ್ಮನೂ. ಹನ್ನೆರಡಕ್ಕೆ ಸರಿಯಾಗಿ ಬರುತ್ತೇನೆಂದು ಫೋನಿನಲ್ಲಿ ಮಾತು ಕೊಟ್ಟಿದ್ದೆ.

ಕಾರು ಕುಂದಾಪುರ ದಾಟಿತು. ತ್ರಾಸಿಯನ್ನೂ ದಾಟಿತು. ಮರವಂತೆಯಲ್ಲಿ ಬಾನೆಟ್ಟಿನಿಂದ ಹಬೆ! ರೇಡಿಯೇಟರ್ ಒಣಗಿತ್ತು. ಬಾಟಲಿಯ ನೀರನ್ನು ಮಕ್ಕಳು ಕುಡಿದು ಮುಗಿಸಿದ್ದವು. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ಎರಡೂ ಉಪ್ಪು. ಇಂಜಿನ್ ಆರಿದ ಮೇಲೆ ಬಾಟಲಿ ಹಿಡಿದು ಸಮುದ್ರದತ್ತ ಇಳಿದೆ. ಹೆಂಡತಿ ಗಿರಿಜ ತಡೆದಳು.

"ಹ್ವಾಯ್, ಉಪ್ಪ್ ನೀರ್ ಹಾಕುಕಾತ್ತಾ?"

ಉಪ್ಪು ಬೆರೆತ ನೀರು ಬೇಗ ಕುದಿಯುವುದಿಲ್ಲ, ಆದ್ದರಿಂದ ಇಂಜಿನಿಗೆ ಇದೇ ಶ್ರೇಷ್ಠ ಎಂದು ರಸ್ತೆ ಬದಿಯಲ್ಲೇ ಪಾಠ ಮಾಡಿ, ಹತ್ತು ಬಾಟಲಿ ಅರಬ್ಬೀ ಸಮುದ್ರ ಸುರಿದೆ. ಸಿದ್ಧಾಂತ ಸರಿಯಾಗಿಯೇ ಇತ್ತು. ಕಾರು ಓದಿರಲಿಲ್ಲ. ನಾವುಂದದಲ್ಲಿ ಕೆಮ್ಮಿ ನಿಂತಿತು.

ನಾನೂ ಗಿರಿಜಳೂ ತಳ್ಳಿಕೊಂಡು ರಸ್ತೆಬದಿಯ ಮನೆಯೊಂದರ ಅಂಗಳಕ್ಕೆ ತಂದೆವು. ಅಲ್ಲಿಯೂ ಅಂದೇ ಹೊಸ್ತು. ಆ ಮನೆಯ ಮಗ ಉಪ್ಪುನೀರು ಇಳಿಸಿ, ಬಾವಿನೀರು ಹೊಯ್ದು, ಹೇಗೋ ಕಾರಿಗೆ ಜೀವ ಬರಿಸಿದ. ಹೊರಡಬೇಕು, ಅವನ ತಾಯಿ ಅಡ್ಡ ನಿಂತರು.

"ಹೊಸ್ತಿನ್ ದಿನ ಬಾಗ್ಲಿಗೆ ಬಂದರ್ ಉಣ್ದೆ ಹೋಪುಕಾಗ."

ಗಿರಿಜ ನನ್ನ ಅಂಗಿ ಜಗ್ಗಿದಳು. ಮೊದಲ ಹೊಸ್ತು ಸ್ವಂತ ಮನೆಯದ್ದೇ ಆಗಬೇಕು, ಅತ್ತೆ ಹಸಿದು ಕೂತಿದ್ದಾರೆ ಎಂದು ಕಿವಿಯಲ್ಲಿ ಹೇಳಿದಳು. ಅವಳೂ ಮಕ್ಕಳೂ ಎಳನೀರು ಕುಡಿದು ಪಾರಾದರು. ನನಗೆ ಕಾರು ತಳ್ಳಿ ಹಸಿವು ಕೆರಳಿತ್ತು. ಗಂಟೆ ಎರಡು. ಇಡೀ ಹಂಡೆ ಅನ್ನದಲ್ಲಿ ಹೊಸ ಕಾಳು ನಾಲ್ಕು. ಅವು ನನ್ನ ಎಲೆಗೇ ಬೀಳುವ ಸಂಭವವೆಷ್ಟು? ವೈಜ್ಞಾನಿಕವಾಗಿ ಯೋಚಿಸಿದೆ. ಉಂಡೆ. ಪಾಯಸ ಎರಡು ಸಲ!

ಮನೆ ಮುಟ್ಟುವಾಗ ಮೂರಾಗಿತ್ತು. ಹಾಸಿದ ಬಾಳೆಎಲೆಗಳು ಬಾಡಿದ್ದವು. ತಮ್ಮಂದಿರ ಮುಖವೂ ಹಾಗೆಯೇ. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆಯಿಂದ ಹನಿ ನೀರೂ ಮುಟ್ಟದವನಂತೆ ಮುಖ ಮಾಡಿಕೊಂಡು ಎಲೆಯ ಮುಂದೆ ಕೂತೆ.

"ಅಮ್ಮ, ಹೊಸ್ತ್ ಉಂತೆ."

ಅಮ್ಮ ಅಪ್ಪಣೆ ಕೊಡಲಿಲ್ಲ. ಅಂಗಳದತ್ತ ನೋಡಿದಳು.

"ಕಾರಿಗ್ ಕಟ್ಟಿದ್ ಯಾರ್ ಮನಿ ಕದ್ರ್ ಮಗಾ?"

ತಿರುಗಿ ನೋಡಿದರೆ, ಕಾರಿನ ಕನ್ನಡಿಯಲ್ಲಿ ಮಾವಿನೆಲೆ ಸುತ್ತಿದ ಕದಿರು ತೂಗುತ್ತಿದೆ! ನಾನು ಪಾಯಸದಲ್ಲಿ ಮಗ್ನನಾಗಿದ್ದಾಗ ಆ ಪುಣ್ಯಾತ್ಮರು ಪ್ರೀತಿಯಿಂದ ಕಟ್ಟಿದ್ದರು. ಗಿರಿಜ ಮಾಡಿನ ಹೆಂಚು ಎಣಿಸತೊಡಗಿದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ, ನಾಲ್ಕು ಕಾಳಿನ ಸಂಭವದ ಸಮೇತ. ಅಮ್ಮ ಸೊಸೆಯತ್ತ ತಿರುಗಿದಳು.

"ಗಿರಿಜ, ಅವ್ನ್ ಎಲಿ ಮುಂದ್ ನೀ ಕೂಕೋ. ನೀನೇ ಕೇಣ್."

ಗಿರಿಜ ಕೇಳಿದಳು. ಅಮ್ಮ ಅಪ್ಪಣೆ ಕೊಟ್ಟು, ಕೊನೆಗೂ ತಾನೂ ಒಂದು ತುತ್ತು ಬಾಯಿಗಿಟ್ಟಳು. ನನ್ನ ಎದೆಯ ಭಾರ ಇಳಿಯಿತು. ಆಮೇಲೆ ಅಮ್ಮ ಒಳಗಿನವರಿಗೆ ಹೇಳಿದಳು, "ಇವ ಕಲ್ತವ. ನಿನ್ನಿ ಗಂಜಿ ಇತ್ತಲ್ದಾ, ಅದ್ನ ಬಡ್ಸಿ."

ಸಂಜೆ ಕಾರನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು. ನೇತಾಡಿಕೊಂಡೇ.

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದ ಮೊದಲಿಗ ನಾನು. ಹೊಸ್ತಿನ ದಿನ ಹಳೆ ಗಂಜಿ ಉಂಡ ಮೊದಲಿಗನೂ ನಾನೇ.